ಗಾಳಿಗಾಗಿ ಕಾದ ವಿದ್ಯಾರ್ಥಿಗಳು

ಕ್ರಿ.ಶ. 803ನೆಯ ಇಸವಿಯ ವಸಂತದಲ್ಲಿ, ಅಂದರೆ ನಮ್ಮಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನು ದಕ್ಷಿಣಾಪಥವನ್ನು ಆಳುತ್ತಿದ್ದ ಕಾಲದಲ್ಲಿ, ಜಪಾನು ದೇಶದ ನಾನಿವಾ ಎಂಬ ರೇವಿನಿಂದ, ಇಂದು ಒಸಾಕ ಮಹಾನಗರವು ಹಬ್ಬಿಕೊಂಡಿರುವ ಸ್ಥಳದಿಂದ, ನಾಲ್ಕು ದೊಡ್ಡ ನಾವೆಗಳು ಚೀನದ ತಾಂಗ್ ಚಕ್ರವರ್ತಿಯ ರಾಜಧಾನಿಯನ್ನುದ್ದೇಶಿಸಿ ಹೊರಟುವು. ರಾಯಭಾರಿಯಾದ ಫುಜಿವಾರ ನೊ ಕಾದೊನೊಮಾರೊ ತನ್ನ ದೊರೆಯ ಕೈಯಿಂದ ಅಧಿಕಾರಸೂಚಕವಾದ ಖಡ್ಗವನ್ನು ಪಡೆದಿದ್ದನು. ಸುಮಿಯೋಶಿಯ ಸಮುದ್ರದೇವತೆಗಳಿಗೆ ಪೂಜೆ ಸಂದಿತ್ತು. ಚೀನದಲ್ಲಿ ಶಾಸ್ತ್ರಾಭ್ಯಾಸ ಮಾಡಲೆಂದು ಆಯ್ಕೆಗೊಂಡ ಪಂಡಿತರೂ ಭಿಕ್ಷುಗಳೂ ನಾವೆಗಳನ್ನೇರಿದ್ದರು. ಹೊರಟು ವಾರ ತುಂಬುವುದರೊಳಗಾಗಿ, ಹೊರಗಡಲನ್ನು ಕಣ್ಣಿನಿಂದ ಕಾಣುವ ಮೊದಲೇ, ಸ್ವದೇಶದ ದ್ವೀಪಗಳ ನಡುವಣ ಒಳಗಡಲಿನಲ್ಲಿಯೇ ಬಿರುಗಾಳಿ ಎದ್ದು ನಾವೆಗಳನ್ನು ಜರ್ಝರಿತಗೊಳಿಸಿತು. ಕನ್‌ಫ್ಯೂಷಿಯಸನ ಗ್ರಂಥಗಳಲ್ಲಿ ಉಳಿದ ಸಂದೇಹಗಳನ್ನು ಚೀನದ ಗುರುಗಳಿಂದ ಪರಿಹರಿಸಿಕೊಂಡು ಬರಲೆಂದು ಹೊರಟಿದ್ದ, ರಾಜವಿದ್ಯಾಶಾಲೆಯ ಉಪಾಧ್ಯಾಯನೊಬ್ಬನು ಅಲೆಗಳ ಪಾಲಾದನು. ರಾಯಭಾರಿಯು ಖಡ್ಗವನ್ನು ಅರಮನೆಗೆ ಹಿಂದೊಪ್ಪಿಸಿದನು. ಪ್ರಯಾಣವು ಮರುವರ್ಷಕ್ಕೆ ಮುಂದೆ ಬಿದ್ದಿತು.

ವಿದ್ಯೆಗಾಗಿ ಪರದೇಶಕ್ಕೆ ಹೋದವರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ತಲಪಿದವರನ್ನು ಕುರಿತು ಬರೆಯುತ್ತಾರೆ. ತಲಪಲು ತಡವಾದುದನ್ನು ಒಂದು ವಾಕ್ಯದಲ್ಲಿ ಮುಗಿಸಿ ಗುರುವಿನ ಮನೆಯ ಬಾಗಿಲಿಗೆ ಬಂದುಬಿಡುತ್ತಾರೆ. ಆದರೆ ಜಪಾನಿನ ಈ ರಾಯಭಾರಗಳ ವಿಷಯದಲ್ಲಿ ತಡವೆಂಬುದು ಕತೆಯ ಹೊರಗಿನ ಅಪಘಾತವಲ್ಲ, ಕತೆಯೇ ಅದು. ಯಾರು ಹೋಗಬೇಕು, ಯಾರು ಉಳಿಯಬೇಕು, ಹೋದವನಿಗೆ ಯಾವ ಗುರು ದೊರೆಯಬೇಕು ಎಂಬುದನ್ನು ಅರಮನೆಯ ಆಜ್ಞಾಪತ್ರಗಳಿಗಿಂತ ಹೆಚ್ಚಾಗಿ ಗಾಳಿಯೂ, ಗಾಳಿಯನ್ನು ಅರಿಯದವರ ಹಟವೂ ನಿರ್ಣಯಿಸಿದವು.

ಚೀನಕ್ಕೆ ರಾಯಭಾರ ಕಳುಹಿಸುವ ಈ ಪದ್ಧತಿಯು 630ರಲ್ಲಿ ಆರಂಭವಾಗಿ ಎರಡು ಶತಮಾನಗಳಿಗೂ ಮಿಕ್ಕಿ ನಡೆಯಿತು. ಮೊದಲ ಕಾಲದಲ್ಲಿ ನಾವೆಗಳು ಕೊರಿಯದ ದಡವನ್ನು ಹಿಡಿದುಕೊಂಡು, ನೆಲವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಉತ್ತರ ಚೀನವನ್ನು ಮುಟ್ಟುತ್ತಿದ್ದವು. ಕೊರಿಯದ ಸಿಲ್ಲಾ ರಾಜ್ಯದೊಡನೆ ವೈಮನಸ್ಯ ಬೆಳೆದ ಮೇಲೆ ಆ ಸುರಕ್ಷಿತ ಮಾರ್ಗವನ್ನು ಬಿಟ್ಟು, ಕ್ಯೂಶೂ ದ್ವೀಪದ ಪಶ್ಚಿಮಕ್ಕಿರುವ ಗೋತೊ ದ್ವೀಪಗಳಿಂದ ಯಾಂಗ್‌ಟ್ಸಿ ನದಿಯ ಮುಖದವರೆಗೆ ಸುಮಾರು 400 ಮೈಲಿ ತೆರೆದ ಕಡಲನ್ನು ನೇರವಾಗಿ ದಾಟಬೇಕಾಯಿತು. ಎಂಟನೆಯ ಶತಮಾನದಿಂದೀಚೆಗೆ ನಾಲ್ಕು ನಾವೆಗಳು, ಐನೂರು ಆರುನೂರು ಮಂದಿ, ಎಂಬುದು ರೂಢಿಯಾಯಿತು. ಕಾವ್ಯಗಳಲ್ಲಿ 'ನಾಲ್ಕು ನಾವೆ' ಎಂದರೆ ರಾಯಭಾರವೆಂದೇ ಅರ್ಥ. ಪರಿವಾರದಲ್ಲಿ ವೈದ್ಯನಿದ್ದನು, ಚಿತ್ರಕಾರನಿದ್ದನು, ಜೋಯಿಸನಿದ್ದನು, ದುಭಾಷಿಗಳಿದ್ದರು, ಬಿಲ್ಲಾಳುಗಳಿದ್ದರು. ಇವರೆಲ್ಲರ ನಡುವೆ ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳು. ಅವರಲ್ಲಿಯೂ ಎರಡು ತರಗತಿ. ವಿದ್ವಾಂಸರೆಂದು ಈಗಾಗಲೇ ಹೆಸರಾಗಿ, ಕೆಲವು ಸಂದೇಹಗಳ ನಿವಾರಣೆಗೆಂದು ಮಾತ್ರ ಹೋಗಿ ಅದೇ ರಾಯಭಾರದೊಡನೆ ಮರಳುವವರು ಒಂದು ಪಂಗಡ. ಮುಂದಿನ ರಾಯಭಾರ ಬರುವವರೆಗೆ, ಎಂದರೆ ಹೆಚ್ಚು ಕಡಿಮೆ ಇಪ್ಪತ್ತು ವರ್ಷ, ಅಲ್ಲಿಯೇ ಇದ್ದು ಕಲಿಯಬೇಕಾದ ತರುಣರು ಇನ್ನೊಂದು. ಈ ಎರಡನೆಯವರಿಗೆ ಹೊರಡುವಾಗ ಸರಕಾರವು ಕೊಡುತ್ತಿದ್ದುದು ನಾಣ್ಯವಲ್ಲ, ಬಟ್ಟೆ: 40 ಥಾನು ರೇಷ್ಮೆ, ಅದರ ಜೊತೆಗೆ ರೇಷ್ಮೆಯ ಅರಳೆ, ನಾರುಬಟ್ಟೆ. ಅದನ್ನು ಪರದೇಶದ ಪೇಟೆಯಲ್ಲಿ ಮಾರಿಕೊಂಡು ಯೌವನವನ್ನೆಲ್ಲ ಕಳೆಯಬೇಕು.

ಇಪ್ಪತ್ತು ವರ್ಷವೆಂಬುದು ಸಹ ಕಾಗದದ ಮೇಲಣ ಲೆಕ್ಕವೇ. 717ರಲ್ಲಿ ಹೋದ ಅಬೆ ನೊ ನಕಮಾರೊ ಚೀನದಲ್ಲಿಯೇ ಅಧಿಕಾರಿಯಾಗಿ ಮೇಲೇರಿ, 753ರಲ್ಲಿ ತಾಯ್ನಾಡಿಗೆ ಹೊರಟು, ಅವನಿದ್ದ ನಾವೆ ಬಿರುಗಾಳಿಗೆ ಸಿಕ್ಕಿ ದಕ್ಷಿಣದ ಅನ್ನಾಮಿನ ದಡಕ್ಕೆ ಬಿದ್ದು, ಅಲ್ಲಿಂದ ಹೇಗೋ ಚಾಂಗಾನ್ ರಾಜಧಾನಿಗೆ ಮರಳಿ, 770ರಲ್ಲಿ ಅಲ್ಲಿಯೇ ತೀರಿಕೊಂಡನು. ಜೊತೆಗೆ ಹೋಗಿದ್ದ ಕಿಬಿ ನೊ ಮಕಿಬಿ ಮಾತ್ರ 735ರಲ್ಲಿ ಗ್ರಂಥರಾಶಿಯೊಡನೆ ಮರಳಿ ಬಂದು ಮುಂದೆ ಮಂತ್ರಿಪದವಿಯವರೆಗೆ ಏರಿದನು.

ಇಷ್ಟು ವಿಘ್ನಗಳು ಏಕೆ ಎಂದು ಕೇಳಬಹುದು. ನಾವೆಗಳು ಚಪ್ಪಟೆ ತಳದವು, ಬಿದಿರ ಚಾಪೆಯ ಹಾಯಿಯವು, ದೊಡ್ಡ ಅಲೆಗೆ ಸೋಲುವಂಥವು ಎಂದು ಹೇಳುತ್ತಾರೆ. 778ರಲ್ಲಿ ಚೀನದಿಂದ ಮರಳುತ್ತಿದ್ದ ಮೊದಲನೆಯ ನಾವೆಯು ನಡುಗಡಲಿನಲ್ಲಿ ಎರಡು ಹೋಳಾಗಿ ಸೀಳಿ, ಮುಂಭಾಗ ಒಂದು ದಡಕ್ಕೂ ಹಿಂಭಾಗ ಇನ್ನೊಂದು ದಡಕ್ಕೂ ತೇಲಿಹೋಗಿ, ಎರಡರ ಮೇಲೂ ಅಂಟಿಕೊಂಡಿದ್ದವರು ಬದುಕಿ ಉಳಿದರು. ಉಪರಾಯಭಾರಿ ಓನೊ ನೊ ಇವಾನೆ ಮೊದಲಾದವರು ಮುಳುಗಿಹೋಗಿದ್ದರು. ಆದರೆ ಹಡಗಿನ ದೋಷಕ್ಕಿಂತ ಪಂಚಾಂಗದ ದೋಷ ದೊಡ್ಡದೆಂದು ನನಗೆ ತೋರುತ್ತದೆ. ಚೀನದ ಚಕ್ರವರ್ತಿಗೆ ಹೊಸ ವರ್ಷದ ಮೊದಲ ದಿನದ ಒಡ್ಡೋಲಗದಲ್ಲಿ ಕಾಣಿಕೆ ಸಲ್ಲಿಸಬೇಕು. ಅದಕ್ಕಾಗಿ ಚಳಿಗಾಲದ ನಡುವಿಗೆ ರಾಜಧಾನಿಯಲ್ಲಿರಬೇಕು. ಅದಕ್ಕಾಗಿ ಬೇಸಗೆಯ ಕೊನೆಯಲ್ಲಿ ಕಡಲು ದಾಟಬೇಕು. ಆ ತಿಂಗಳುಗಳಲ್ಲಿ ಆ ಕಡಲಿನ ಮೇಲೆ ಗಾಳಿ ಬೀಸುವುದು ನೈಋತ್ಯದಿಂದ, ಎಂದರೆ ಹೋಗುವವರ ಮುಖಕ್ಕೆ. ಸುಂಟರಗಾಳಿಗಳು ಏಳುವುದೂ ಆಗಲೇ. ನಮ್ಮ ಪಡುಗಡಲ ಮೊಗವೀರನು ಆಷಾಢದಲ್ಲಿ ದೋಣಿಯನ್ನು ದಡಕ್ಕೆಳೆದು ಮಡಲು ಮುಚ್ಚಿ, ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ಬಲೆಯನ್ನು ಹೆಣೆಯುತ್ತ ಕುಳಿತಿರುತ್ತಾನೆ. ಅವನಿಗಿದ್ದ ಈ ವಿವೇಕವು, ಒಡ್ಡೋಲಗದ ಮುಹೂರ್ತಕ್ಕೆ ಕಟ್ಟುಬಿದ್ದ ಮಂತ್ರಿಗಳಿಗೆ ಒದಗಲಿಲ್ಲ. ಸಮುದ್ರದ ಸಮ್ಮತಿಯನ್ನು ಕೇಳದೆ ಇಟ್ಟ ಮುಹೂರ್ತಕ್ಕೆ ವಿದ್ಯಾರ್ಥಿಗಳು ದಂಡ ತೆತ್ತರು.

803ರ ಕತೆಗೆ ಮರಳೋಣ. ಆ ವರ್ಷ ಹೊರಟವರಲ್ಲಿ ಸೈಚೋ ಎಂಬ ಭಿಕ್ಷು ಒಬ್ಬನು. ಅವನು ಮೂವತ್ತಾರರ ಪ್ರಾಯದ ಪ್ರಖ್ಯಾತ ವಿದ್ವಾಂಸ. ದೊರೆಯ ವಿಶೇಷ ಅನುಗ್ರಹಕ್ಕೆ ಪಾತ್ರನಾಗಿ, ತಿಯೆನ್‌ತಾಯ್ ಪರ್ವತದಲ್ಲಿ ಸದ್ಧರ್ಮಪುಂಡರೀಕ ಸೂತ್ರದ ಪರಂಪರಾಗತ ವ್ಯಾಖ್ಯಾನವನ್ನು ಕೇಳಿಬರಲು ಅಲ್ಪಾವಧಿಯ ಅನುಮತಿ ಪಡೆದವನು. ಸಹಪ್ರಯಾಣಿಕರು ರಾಜಧಾನಿಗೆ ಹಿಂದಿರುಗಿದರೂ ಅವನು ಹಿಂದಿರುಗದೆ ಕ್ಯೂಶೂವಿಗೆ ಮುಂದುವರಿದು ಅಲ್ಲಿಯೇ ನಿಂತು, ದಜೈಫು ಎಂಬ ಗಡಿನಗರದ ಬಳಿಯ ಕಮಾದೊ ಬೆಟ್ಟದ ದೇವಾಲಯದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕಾದನು. ಬರಿದೆ ಕಾಯಲಿಲ್ಲ. ಹೊರಡಬೇಕಾಗಿದ್ದ ನಾಲ್ಕು ನಾವೆಗಳ ಕ್ಷೇಮಾರ್ಥವಾಗಿ ಭೈಷಜ್ಯಗುರು ಬುದ್ಧನ ಆರಡಿ ಎತ್ತರದ ನಾಲ್ಕು ವಿಗ್ರಹಗಳನ್ನು ಮಾಡಿಸಿ ಪ್ರತಿಷ್ಠೆ ಮಾಡಿದನು. ಸೂತ್ರಗಳ ಮೇಲೆ ಉಪನ್ಯಾಸ ಮಾಡಿದನು. ನಾವೆಗೊಂದು ವಿಗ್ರಹ ಎಂಬ ಈ ಲೆಕ್ಕಾಚಾರದಲ್ಲಿ ಭಕ್ತಿಯೂ ಭಯವೂ ಸಮಸಮವಾಗಿ ಕಾಣುತ್ತವೆ.

ಇತ್ತ ರಾಜಧಾನಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಶಿಕೊಕು ದ್ವೀಪದಲ್ಲಿ 774ರಲ್ಲಿ ಹುಟ್ಟಿ, ರಾಜವಿದ್ಯಾಶಾಲೆಗೆ ಸೇರಿ, ಅಧಿಕಾರಿಯಾಗಬೇಕಾದವನು ಅಧ್ಯಯನವನ್ನು ನಡುವಿನಲ್ಲಿಯೇ ಬಿಟ್ಟು ಬೆಟ್ಟಗಳಲ್ಲಿ ತಪಸ್ವಿಯಾಗಿ ಅಲೆಯುತ್ತಿದ್ದ ಕೂಕಾಯ್ ಎಂಬ ತರುಣನು, ಮಹಾವೈರೋಚನ ಸೂತ್ರವನ್ನು ಓದಿ, ಅದರ ಮಂತ್ರಮುದ್ರೆಗಳ ರಹಸ್ಯವನ್ನು ಬಿಡಿಸಿ ಹೇಳುವವರು ಸ್ವದೇಶದಲ್ಲಿ ಇಲ್ಲವೆಂದು ಕಂಡುಕೊಂಡಿದ್ದನು. ವಿಧಿವತ್ತಾದ ದೀಕ್ಷೆಯಿಲ್ಲದವನಿಗೆ ರಾಯಭಾರದ ನಾವೆಯಲ್ಲಿ ಸ್ಥಳವಿಲ್ಲ. ಮೊದಲ ಬಾರಿ ನಾವೆಗಳು ಹೊರಟಾಗ ಅವನು ಪ್ರಯಾಣಿಕರಲ್ಲಿ ಇರಲಿಲ್ಲವೆಂದೂ, ಪ್ರಯಾಣವು ಮುಂದೆ ಬಿದ್ದು, ಕಡಲು ಕೆಲವರನ್ನು ಕಳೆದು, ಹೊಸದಾಗಿ ಕೆಲವರನ್ನು ಆರಿಸಬೇಕಾಗಿ ಬಂದ ಆ ಬಿಡುವಿನಲ್ಲಿ ದೀಕ್ಷೆ ಪಡೆದು ದೀರ್ಘಾವಧಿಯ ವಿದ್ಯಾರ್ಥಿಗಳ ಸಾಲಿಗೆ ಸೇರಿದನೆಂದೂ ಬಹುಮಂದಿ ವಿದ್ವಾಂಸರು ಭಾವಿಸುತ್ತಾರೆ. ಒಳಗಡಲಿನ ಆ ಬಿರುಗಾಳಿ ಏಳದಿದ್ದಲ್ಲಿ ಜಪಾನಿನ ಧರ್ಮ, ಲಿಪಿಕಲೆ, ಸಂಸ್ಕೃತಾಧ್ಯಯನ ಇವುಗಳ ಚರಿತ್ರೆಯಲ್ಲಿ ಅತಿ ದೊಡ್ಡ ಹೆಸರೊಂದು ದೇಶಾಂತರದ ದಡವನ್ನೇ ಕಾಣುತ್ತಿರಲಿಲ್ಲ.

804ರ ಏಳನೆಯ ಚಾಂದ್ರಮಾಸದ 6ರಂದು ನಾಲ್ಕು ನಾವೆಗಳೂ ಕ್ಯೂಶೂವಿನ ಪಶ್ಚಿಮ ತೀರದ ತಾನೊಉರಾವನ್ನು ಬಿಟ್ಟುವು. ಮರುದಿನ ರಾತ್ರಿ ಮೂರನೆಯ ಮತ್ತು ನಾಲ್ಕನೆಯ ನಾವೆಗಳ ದೀಪಗಳು ಕಣ್ಮರೆಯಾದುವು. ಮೂರನೆಯದು ಹಿಂದಕ್ಕೆ ತಳ್ಳಲ್ಪಟ್ಟು, ಮರುವರ್ಷ ಮತ್ತೆ ಹೊರಟು, ಮತ್ತೆ ಒಡೆಯಿತು. ನಾಲ್ಕನೆಯದರಲ್ಲಿ ಹೋದವರು ಯಾವ ಗುರುವಿನ ಬಳಿಗೂ ತಲಪಲಿಲ್ಲ. ಸೈಚೋ ಇದ್ದ ಎರಡನೆಯ ನಾವೆ ಸುಮಾರು ಎರಡು ತಿಂಗಳು ಕಳೆದ ಮೇಲೆ ಇಂದಿನ ನಿಂಗ್ಬೋ ಪಟ್ಟಣದ ತೀರವನ್ನು ಸೇರಿತು. ಅಲ್ಲಿಂದ ಅವನ ಪರ್ವತಕ್ಕೆ ದೂರವಿರಲಿಲ್ಲ. ಕೂಕಾಯ್ ರಾಯಭಾರಿಯೊಡನೆ ಮೊದಲನೆಯ ನಾವೆಯಲ್ಲಿದ್ದನು. ಅದು ಚುಕ್ಕಾಣಿಯ ಅಂಕೆಗೆ ಸಿಗದೆ 34 ದಿನ ತೇಲಿ, ಸೇರಬೇಕಾದ ಸ್ಥಳಕ್ಕಿಂತ ಬಹುದೂರ ದಕ್ಷಿಣಕ್ಕೆ, ಫೂಜೌ ಸೀಮೆಯ ನಿರ್ಜನಪ್ರಾಯವಾದ ದಡವೊಂದಕ್ಕೆ ತಗುಲಿತು.

ದಡ ಸಿಕ್ಕಿತೆಂದರೆ ತಡ ಮುಗಿದಂತಲ್ಲ. ರಾಯಭಾರದ ನಾವೆ ಬಂದು ಅಭ್ಯಾಸವೇ ಇಲ್ಲದ ಆ ಸೀಮೆಯ ಅಧಿಕಾರಿಗಳು, ಮುದ್ರೆಯೊತ್ತಿದ ರಾಜಪತ್ರವನ್ನು ತೋರಿಸಲಾರದ ಈ ಜನರನ್ನು ಕಳ್ಳವ್ಯಾಪಾರಿಗಳೆಂದು ಸಂಶಯಪಟ್ಟು, ಎಲ್ಲರನ್ನೂ ಇಳಿಸಿ, ನಾವೆಗೆ ಮುದ್ರೆ ಹಾಕಿ, ಮರಳಿನ ಮೇಲೆ ಕೂರಿಸಿದರು. ರಾಯಭಾರಿಯು ಬರೆದ ಪತ್ರಗಳು ಯಾರ ಮನಸ್ಸನ್ನೂ ಕರಗಿಸಲಿಲ್ಲ. ಬರೆದವನ ಪದವಿ ದೊಡ್ಡದು, ಚೀನೀ ಶೈಲಿ ಚಿಕ್ಕದು. ಕೊನೆಗೆ ಕೂಕಾಯನ ಕೈಗೆ ಕುಂಚವನ್ನು ಕೊಟ್ಟರು. ಚೀನದ ಅಭಿಜಾತ ಗದ್ಯದ ಸಕಲ ಅಲಂಕಾರಗಳಿಂದಲೂ ಕೂಡಿದ, ದೈನ್ಯವನ್ನೂ ಗೌರವವನ್ನೂ ಒಂದೇ ಉಸಿರಿನಲ್ಲಿ ಹಿಡಿದ ಆತನ ವಿಜ್ಞಾಪನೆಯನ್ನು ಕಂಡ ಮೇಲೆ ಅಧಿಕಾರಿಗಳ ಧೋರಣೆ ಬದಲಾಯಿತು. ಬಿಡಾರಗಳು ಎದ್ದುವು, ರಾಜಧಾನಿಗೆ ಸುದ್ದಿ ಹೋಯಿತು. ಚಾಂಗಾನಿಗೆ ಹೋಗಲು ಒಪ್ಪಿಗೆ ಬಂದಾಗ ಆ ಪಟ್ಟಿಯಲ್ಲಿ ಪತ್ರ ಬರೆದವನ ಹೆಸರೇ ಇರಲಿಲ್ಲ. ಅವನು ಇನ್ನೊಂದು ಪತ್ರ ಬರೆಯಬೇಕಾಯಿತು, ಈ ಸಾರಿ ತನ್ನ ಸಲುವಾಗಿ. ಹನ್ನೊಂದನೆಯ ತಿಂಗಳಲ್ಲಿ ಹೊರಟು, ನಕ್ಷತ್ರ ಕಾಣುವಾಗ ಎದ್ದು ನಕ್ಷತ್ರ ಕಾಣುವಾಗ ಇಳಿದು, ಹೊಸ ವರ್ಷಕ್ಕೆ ಕೆಲವೇ ದಿನಗಳಿರುವಾಗ ರಾಜಧಾನಿಯನ್ನು ಮುಟ್ಟಿದರು. ಅವರು ಒಡ್ಡೋಲಗ ಕಂಡ ಚಕ್ರವರ್ತಿಯು ಅದೇ ತಿಂಗಳಲ್ಲಿ ಕಾಲವಾದನು.

ಮುಂದಿನದು ಭಾರತೀಯರಾದ ನಾವು ಹೆಚ್ಚು ತಿಳಿದಿರಬೇಕಾದ ಭಾಗ. ಕೂಕಾಯ್ ಚಾಂಗಾನಿನಲ್ಲಿ ಸಂಸ್ಕೃತವನ್ನು ಕಲಿತದ್ದು ಪ್ರಜ್ಞನೆಂಬ ಭಾರತೀಯ ಭಿಕ್ಷುವಿನ ಬಳಿ. ನಾಲಂದದಲ್ಲಿ ಓದಿ, ದಕ್ಷಿಣ ಭಾರತದಲ್ಲಿಯೂ ಸಂಚರಿಸಿ, ಕಡಲ ಮಾರ್ಗವಾಗಿ ಚೀನಕ್ಕೆ ಬಂದಿದ್ದ ಆ ವೃದ್ಧನು, ತಾನು ಜಪಾನಿಗೆ ಹೋಗಲಾರದುದಕ್ಕೆ ಬದಲಾಗಿ ತನ್ನ ಗ್ರಂಥಗಳನ್ನು ಈ ಶಿಷ್ಯನ ಕೈಯಲ್ಲಿ ಕಳುಹಿಸಿದನು. ಮಂತ್ರಯಾನದ ಮುಖ್ಯ ಗುರುವಾಗಿ ದೊರೆತವನು ಚಿಂಗ್‌ಲುಂಗ್ ವಿಹಾರದ ಹುಯಿಗುವೊ. ಆತನ ಗುರು ಅಮೋಘವಜ್ರ. ಅಮೋಘವಜ್ರನ ಗುರು ವಜ್ರಬೋಧಿ, ದಕ್ಷಿಣ ಭಾರತದಿಂದ ಹಡಗಿನಲ್ಲಿ ಹೊರಟು ಎಂಟನೆಯ ಶತಮಾನದ ಮೊದಲ ಪಾದದಲ್ಲಿ ಚೀನವನ್ನು ಸೇರಿದವನು. ಕೂಕಾಯ್ 805ರ ಬೇಸಗೆಯಲ್ಲಿ ಹುಯಿಗುವೊವನ್ನು ಕಂಡನು. ವ್ಯಾಧಿಗ್ರಸ್ತನಾಗಿ, ಪೂರ್ಣವಿದ್ಯೆಯನ್ನು ಒಪ್ಪಿಸಿಕೊಡಲು ಪಾತ್ರನನ್ನು ಅರಸುತ್ತಿದ್ದ ಆ ಆಚಾರ್ಯನು ಮೂರು ತಿಂಗಳಲ್ಲಿ ಎರಡು ಮಂಡಲಗಳ ಅಭಿಷೇಕವನ್ನೂ ಆಚಾರ್ಯಪದವನ್ನೂ ಕೊಟ್ಟನು. ಅದೇ ವರ್ಷದ ಕೊನೆಯ ತಿಂಗಳ 15ರಂದು ತೀರಿಕೊಂಡನು. ಮೊದಲನೆಯ ವಿಳಂಬವು ಕೂಕಾಯನನ್ನು ನಾವೆಗೆ ಹತ್ತಿಸಿತು. ಇನ್ನೊಂದು ವರ್ಷದ ವಿಳಂಬವಾಗಿದ್ದರೆ ಗುರುವಿನ ಸಮಾಧಿಯನ್ನು ನೋಡಿ ಬರಬೇಕಾಗುತ್ತಿತ್ತು.

ಅದೇ ನಾವೆಯಲ್ಲಿ ಬಂದ ಇನ್ನೊಬ್ಬ ವಿದ್ಯಾರ್ಥಿ ತಾಚಿಬಾನ ನೊ ಹಯನಾರಿಯ ಕತೆ ಇಷ್ಟು ಶೋಭಾಯಮಾನವಲ್ಲ, ಆದುದರಿಂದಲೇ ಹೆಚ್ಚು ಮಾನುಷವಾಗಿದೆ. ಅವನಿಗೆ ಚೀನೀ ಮಾತು ಹತ್ತಲಿಲ್ಲ. ವಿದ್ಯಾಶಾಲೆಯ ಪಾಠಗಳು ಕಿವಿಗೆ ಬೀಳುತ್ತಿದ್ದವೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಕೈಯಲ್ಲಿದ್ದ ಬಟ್ಟೆ ಕರಗಿತು. ಮಾತಿನ ಹಂಗಿಲ್ಲದ ವಿದ್ಯೆಗಳೆಂದು ತಂತಿವಾದ್ಯವನ್ನೂ ಲಿಪಿಕಲೆಯನ್ನೂ ಹಿಡಿದುಕೊಂಡನು. ಇಪ್ಪತ್ತು ವರ್ಷ ಇಲ್ಲಿ ಕಳೆಯಲಾರೆನು, ನನ್ನನ್ನು ಬೇಗ ಕರೆದುಕೊಂಡು ಹೋಗಿರಿ ಎಂಬರ್ಥದ ಅವನ ಅರ್ಜಿಯನ್ನು ಸಹ ಕೂಕಾಯನೇ ಬರೆದುಕೊಟ್ಟನು. 806ರಲ್ಲಿ ಮತ್ತೊಂದು ಜಪಾನೀ ನಾವೆಯಲ್ಲಿ ಇಬ್ಬರೂ ಮರಳಿದರು. ಮುಂದೆ ಈ ಹಯನಾರಿ ದೇಶದ ಮೂವರು ಶ್ರೇಷ್ಠ ಲಿಪಿಕಾರರಲ್ಲಿ ಒಬ್ಬನೆಂದು ಎಣಿಸಲ್ಪಟ್ಟನು. ಇಪ್ಪತ್ತು ವರ್ಷದ ಕರಾರನ್ನು ಎರಡು ವರ್ಷಕ್ಕೆ ಮುರಿದ ಕೂಕಾಯ್, ತಾನು ತಂದ ಗ್ರಂಥಗಳ ಪಟ್ಟಿಯ ಜೊತೆಗೆ ಸಲ್ಲಿಸಿದ ವಿಜ್ಞಾಪನೆಯಲ್ಲಿ ಆ ಅಪರಾಧವನ್ನು ಒಪ್ಪಿಕೊಂಡು, ದುರ್ಲಭವಾದುದನ್ನು ಜೀವಸಹಿತ ತಂದಿರುವೆನೆಂದು ಸಮಾಧಾನ ಹೇಳಿದನು. ಆದರೂ ರಾಜಧಾನಿಯ ಅಪ್ಪಣೆಗಾಗಿ ಅವನು ಮೂರು ವರ್ಷದಷ್ಟು ಕಾಲ ಕಾದಿರಬೇಕಾಯಿತು. ಅವನು ತಂದ ಸಿದ್ಧಂ ಲಿಪಿಯ ಬೀಜಾಕ್ಷರಗಳನ್ನು ಇಂದಿಗೂ ಆ ದೇಶದ ಗುಡಿಗಳಲ್ಲಿಯೂ ಗೋರಿಗಳ ಮೇಲೆಯೂ ಬರೆಯುತ್ತಾರೆ.

ಒಂದು ತಲೆಮಾರು ಕಳೆಯಿತು. ಕಾದೊನೊಮಾರೊವಿನ ಮಗ ತ್ಸುನೆತ್ಸುಗು 834ರಲ್ಲಿ ರಾಯಭಾರಿಯಾಗಿ ನೇಮಿತನಾದನು. ತಂದೆಯ ಪದವಿಯೊಡನೆ ತಂದೆಯ ಗಾಳಿಯೂ ಅವನ ಪಾಲಿಗೆ ಬಂದಿತೆನ್ನಬೇಕು. 836ರಲ್ಲಿ ನಾವೆಗಳು ಹೊರಟು ಬಿರುಗಾಳಿಗೆ ಸಿಕ್ಕಿ ಮರಳಿದುವು; ಮೂರನೆಯದು ಒಡೆದು, ಅದರಲ್ಲಿದ್ದ ನೂರನಲವತ್ತರಷ್ಟು ಜನರಲ್ಲಿ ಹಲಗೆಗಳನ್ನು ಕಟ್ಟಿ ತೇಲಿಬಂದ 28 ಮಂದಿ ಮಾತ್ರ ಬದುಕಿದರು. ಮರುವರ್ಷ ನಾವೆಗಳಲ್ಲಿ ಮೊದಲನೆಯದಕ್ಕೆ ಆಸ್ಥಾನದ ಐದನೆಯ ದರ್ಜೆಯ ಗೌರವವನ್ನು ವಿಧಿವತ್ತಾಗಿ ಪ್ರದಾನ ಮಾಡಿದರು, ಮನುಷ್ಯನಾದ ಅಧಿಕಾರಿಗೆ ಕೊಡುವಂತೆಯೇ! ದರ್ಜೆ ಪಡೆದ ನಾವೆ ಆ ವರ್ಷವೂ ಹಿಂದಿರುಗಿತು. 838ರಲ್ಲಿ ಮೂರನೆಯ ಯತ್ನ. ತನ್ನ ನಾವೆ ನೀರು ಸೋರುವುದೆಂದು ರಾಯಭಾರಿಯು ಅದನ್ನು ಉಪರಾಯಭಾರಿ ಓನೊ ನೊ ತಕಮುರನ ನಾವೆಗೆ ಬದಲಿಸಿಕೊಂಡನು. ತಕಮುರನು ಕವಿ, ಮುಂಗೋಪಿ. ಕಾಯಿಲೆಯೆಂದು ನೆವ ಹೇಳಿ ನಾವೆ ಹತ್ತದೆ, ರಾಯಭಾರವನ್ನೇ ಲೇವಡಿ ಮಾಡುವ ಕವಿತೆ ಬರೆದು, ಓಕಿ ದ್ವೀಪಕ್ಕೆ ಗಡೀಪಾರಾದನು. ನನ್ನ ಮಟ್ಟಿಗೆ ಆ ಇಡೀ ರಾಯಭಾರದಲ್ಲಿ ಲೋಕಜ್ಞಾನವಿದ್ದವನು ಅವನೊಬ್ಬನೇ. ಒಡೆದ ನಾವೆಯಿಂದ ಬದುಕಿ ಬಂದಿದ್ದ ಕೂಕಾಯನ ಶಿಷ್ಯನನ್ನು, ಅಪಶಕುನದವನೆಂದು ಈ ಬಾರಿ ಹತ್ತಿಸಿಕೊಳ್ಳಲಿಲ್ಲ. ಎರಡು ವರ್ಷ ಕಾದುದಕ್ಕೆ ಅವನಿಗೆ ಸಿಕ್ಕಿದ ಫಲ ಅದು.

ಹತ್ತಿದವರಲ್ಲಿ ಎನ್ನಿನ್ ಇದ್ದನು, ಸೈಚೋವಿನ ಶಿಷ್ಯ. ಹಕಾತ ರೇವಿನಲ್ಲಿ ನಾವೆ ಹತ್ತಿದ ದಿನದಿಂದ ಆತನು ಬರೆಯತೊಡಗಿದ ದಿನಚರಿ, ಪರದೇಶಕ್ಕೆ ಹೋದ ವಿದ್ಯಾರ್ಥಿಯೊಬ್ಬನ ಅನುಭವವನ್ನು ಹೇಳುವ ಗ್ರಂಥಗಳಲ್ಲಿ ಅತ್ಯಂತ ಪ್ರಾಮಾಣಿಕವಾದುದು. ಹತ್ತಿ ಕುಳಿತರೂ ಗಾಳಿ ಇಲ್ಲದೆ ದಿನಗಟ್ಟಲೆ ದಡದ ಬಳಿಯೇ ನಿಂತುದು, ಕಡಲ ನೀರಿನ ಬಣ್ಣ ತಿಳಿಹಸುರಿನಿಂದ ಕೆಸರಿನ ಬಿಳುಪಿಗೆ ತಿರುಗಿದಾಗ ಇದು ದೊಡ್ಡ ನದಿಯ ನೀರಿರಬೇಕೆಂದು ಜನ ತರ್ಕಿಸಿದುದು, ನಾವೆಯು ಮರಳಿಗೆ ಕಚ್ಚಿಕೊಂಡು ಚುಕ್ಕಾಣಿ ಮುರಿದುದು, ಕೂವೆಮರಗಳನ್ನು ಕಡಿದುದು, ಎಲ್ಲವೂ ಅದರಲ್ಲಿ ಅಲಂಕಾರವಿಲ್ಲದೆ ಬಂದಿವೆ. ದಡ ಸೇರಿದ ಮೇಲೆ ತಿಯೆನ್‌ತಾಯ್ ಪರ್ವತಕ್ಕೆ ಹೋಗಲು ಅವನು ಅಪ್ಪಣೆ ಬೇಡಿದನು. ತಿಂಗಳುಗಳು ಕಳೆದು, ಅಪ್ಪಣೆಯಿಲ್ಲವೆಂದು ಉತ್ತರ ಬಂದಿತು. ರಾಯಭಾರದೊಡನೆ ಮರಳಿ ಹೋಗಬೇಕಾದವನು ದಾರಿಯಲ್ಲಿ ಒಮ್ಮೆ ಗುಟ್ಟಾಗಿ ಇಳಿದು ಸಿಕ್ಕಿಬಿದ್ದು, ಮತ್ತೊಮ್ಮೆ ಶಾಂಡೊಂಗಿನ ತೀರದಲ್ಲಿ ಕೊರಿಯದವರ ವಿಹಾರವೊಂದರಲ್ಲಿ ಉಳಿದುಕೊಂಡನು. ಅಲ್ಲಿಂದಾಚೆ ಅವನು ವೂತಾಯ್ ಪರ್ವತವನ್ನೂ ಚಾಂಗಾನನ್ನೂ ಕಂಡನು, 845ರ ಬೌದ್ಧಮತ ದಮನವನ್ನು ಕಣ್ಣಾರೆ ನೋಡಿ ಕಾಷಾಯ ಕಳಚಿ ದೇಶಭ್ರಷ್ಟನಾದನು, 847ರಲ್ಲಿ ಸಿಲ್ಲಾದವರ ವ್ಯಾಪಾರಿ ನಾವೆಯಲ್ಲಿ ಊರು ಸೇರಿದನು. ರಾಯಭಾರಿಯು ಸಹ ಮರಳುವಾಗ ತನ್ನ ರಾಜನಾವೆಗಳನ್ನು ನೆಚ್ಚದೆ, ಸಿಲ್ಲಾದ ಒಂಬತ್ತು ನಾವೆಗಳನ್ನೂ ಕಡಲ ದಾರಿ ಬಲ್ಲ ಅರುವತ್ತಕ್ಕೂ ಹೆಚ್ಚು ನಾವಿಕರನ್ನೂ ಬಾಡಿಗೆಗೆ ಹಿಡಿದಿದ್ದನು.

ಆ ಬಾಡಿಗೆಯೇ ಪದ್ಧತಿಯ ಅಂತ್ಯಕ್ಕೆ ನಾಂದಿ. ಆಮೇಲೆ ಚೀನಕ್ಕೆ ಹೋದ ಭಿಕ್ಷುಗಳು ವ್ಯಾಪಾರಿಗಳ ನಾವೆಗಳಲ್ಲಿ ಹೋದರು. ಅವರಲ್ಲಿ ಶಿನ್ನ್ಯೋ ಎಂಬವನು ರಾಜಪುತ್ರ, ಕೂಕಾಯನ ಶಿಷ್ಯ. ಅವನು 862ರಲ್ಲಿ ಒಂಬತ್ತನೆಯ ತಿಂಗಳಿನವರೆಗೆ ಗಾಳಿಗಾಗಿ ಕಾದು, ಈಶಾನ್ಯದ ಗಾಳಿ ಹಿಡಿದು ಹೊರಟು, ಕಾದೊನೊಮಾರೊವಿನ ನಾವೆ ವಾರಗಟ್ಟಲೆ ತೇಲಿದ ಅದೇ ಕಡಲನ್ನು ನಾಲ್ಕೇ ದಿನಗಳಲ್ಲಿ ದಾಟಿದನು. ಒಡ್ಡೋಲಗವಿಲ್ಲದವನಿಗೆ ಅವಸರವಿಲ್ಲ, ಕಾಯುವ ಸ್ವಾತಂತ್ರ್ಯವಿದ್ದವನು ಬೇಗ ತಲಪಿದನು. ಚಾಂಗಾನಿನ ಗುರುಗಳಿಂದಲೂ ಸಂದೇಹ ತೀರದೆ, ಅರುವತ್ತು ದಾಟಿದ್ದ ಆ ವೃದ್ಧ ವಿದ್ಯಾರ್ಥಿಯು 865ರಲ್ಲಿ ಕೆಲವೇ ಅನುಚರರೊಡನೆ ಕ್ಯಾಂಟನ್ ರೇವಿನಿಂದ ಭಾರತಕ್ಕೆ ಹೊರಟನು. ಇಲ್ಲಿಗೆ ಬಂದು ಮುಟ್ಟಲಿಲ್ಲ. ಮಲಯ ದ್ವೀಪಕಲ್ಪದ ಕಡೆಯಲ್ಲಿ ಅವನು ಮೃತನಾದನೆಂಬ ಸುದ್ದಿ 881ರಲ್ಲಿ ಜಪಾನಿನ ಆಸ್ಥಾನಕ್ಕೆ ಬಂದಿತು. ಬರೆದು ತಿಳಿಸಿದವನು ಚೀನದಲ್ಲಿಯೇ ಉಳಿದಿದ್ದ ಛೂಕನ್ ಎಂಬ ಭಿಕ್ಷು.

ಇದೇ ಛೂಕನ್ ಮುಂದೆ ತಾಂಗ್ ರಾಜ್ಯದ ಅವನತಿಯನ್ನು ಕುರಿತು ಕಳುಹಿಸಿದ ವರದಿಯನ್ನು ಆಧಾರವಾಗಿಟ್ಟುಕೊಂಡು, ಹೊಸದಾಗಿ ರಾಯಭಾರಿಯಾಗಿ ನೇಮಿತನಾಗಿದ್ದ ಸುಗವಾರ ನೊ ಮಿಚಿಜಾನೆ 894ರಲ್ಲಿ, ಈ ಪ್ರಯಾಣವು ಬೇಕೇ ಬೇಡವೇ ಎಂಬುದನ್ನು ಮರುವಿಚಾರ ಮಾಡಬೇಕೆಂದು ದೊರೆಗೆ ಬಿನ್ನಹ ಮಾಡಿದನು. ರಾಯಭಾರಿಯೆಂಬ ಬಿರುದು ಅವನಿಗೆ ಮುಂದೆಯೂ ಕೆಲವು ವರ್ಷ ಉಳಿದಿತ್ತು, ನಾವೆಗಳು ಮಾತ್ರ ಹೊರಡಲೇ ಇಲ್ಲ. 907ರಲ್ಲಿ ತಾಂಗ್ ವಂಶವು ಅಳಿಯಿತು.